ಪವರ್ ಎಷ್ಟು ಏರಿಸಿದ್ದೀರಿ ಎಂದು ಕೇಳುವವರಿಗೆ

ಶಿವಮೊಗ್ಗದ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ, ಗಾಜನೂರಿನ ಬಳಿ ಎಳನೀರಿಗೆಂದು ನಿಂತಾಗ, ತೀರ್ಥಹಳ್ಳಿಯಲ್ಲಿ ಕಾಫಿ ಕುಡಿದು ಹೋಟೆಲಿನಿಂದ ಹೊರಬರುವಾಗ ನನಗೆ ಎದುರಾಗುವ ಪ್ರಶ್ನೆ ಒಂದೇ. ಕಾರಿನ ಮೂತಿಯ ಮೇಲಿನ ಚೇಳಿನ ಗುರುತನ್ನು ನೋಡಿದ ಹುಡುಗರು ಹತ್ತಿರ ಬಂದು, "ಸಾರ್, ಇದಕ್ಕೆ ತುಂಬಾ ಕೆಲಸ ಮಾಡಿಸಿದ್ದೀರಂತೆ. ಪವರ್ ಎಷ್ಟು ಏರಿಸಿದ್ದೀರಿ?" ಎಂದು ಕೇಳುತ್ತಾರೆ. ಏನೂ ಏರಿಸಿಲ್ಲ ಎಂದರೆ ನಂಬುವುದಿಲ್ಲ. ಹೇಳಲು ಇಷ್ಟವಿಲ್ಲವೆಂದು ತಿಳಿದು ಸುಮ್ಮನಾಗುತ್ತಾರೆ. ರಸ್ತೆಬದಿಯಲ್ಲಿ ನಿಂತು ಎರಡು ಮಾತಿನಲ್ಲಿ ಮುಗಿಸುವ ಸಂಗತಿ ಇದಲ್ಲವಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನದು ಅಬಾರ್ತ್ ಪುಂಟೊ. ಫಿಯೆಟ್ ಸಂಸ್ಥೆ 2015ರಲ್ಲಿ ಭಾರತದ ಮಾರುಕಟ್ಟೆಗೆ ತಂದ ಈ ಕಾರು ಪುಣೆಯ ಸಮೀಪದ ರಾಂಜಣಗಾಂವ್‌ನಲ್ಲಿ ತಯಾರಾಗುತ್ತಿತ್ತು. ನೋಡುವವರ ಕಣ್ಣಿಗೆ ಐದು ಬಾಗಿಲಿನ ಸಾಮಾನ್ಯ ಪುಂಟೊ. ಆದರೆ ಬಾನೆಟ್ಟಿನ ಕೆಳಗೆ 1.4 ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್, 145 ಅಶ್ವಶಕ್ತಿ, ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕ್. ಅದೇ ಮೈಕಟ್ಟಿನ 1.2 ಲೀಟರ್ ಪೆಟ್ರೋಲ್ ಪುಂಟೊಗೆ ಹೋಲಿಸಿದರೆ ಶಕ್ತಿ ಇಮ್ಮಡಿಗೂ ಹೆಚ್ಚು. 1949ರಲ್ಲಿ ಇಟಲಿಯಲ್ಲಿ ತನ್ನ ಹೆಸರಿನ ಸಂಸ್ಥೆ ಕಟ್ಟಿದ ಕಾರ್ಲೊ ಅಬಾರ್ತ್ ಸಣ್ಣ ಫಿಯೆಟ್ ಕಾರುಗಳಿಗೆ ಹೊಸ ಸೈಲೆನ್ಸರು, ಹೊಸ ಬಿಡಿಭಾಗ ಜೋಡಿಸಿ ಓಟದ ಕಾರುಗಳನ್ನಾಗಿಸಿ ಹೆಸರು ಮಾಡಿದವರು. ವೃಶ್ಚಿಕ ರಾಶಿಯಲ್ಲಿ ಹುಟ್ಟಿದ್ದರಿಂದ ಚೇಳನ್ನೇ ಲಾಂಛನವಾಗಿಸಿಕೊಂಡರು. ಅಂದರೆ ಈ ಕಾರು ಕಾರ್ಖಾನೆಯಿಂದ ಹೊರಬರುವಾಗಲೇ ಒಮ್ಮೆ ಮಾರ್ಪಾಡಾಗಿ ಬಂದಿದೆ. ಅದರ ಮೇಲೆ ನಾನು ಮಾಡಬೇಕಾದದ್ದು ಏನೆಂಬುದನ್ನು ನನಗೆ ಕಲಿಸಿದ್ದು ನಮ್ಮ ಘಾಟಿ, ನಮ್ಮ ಮಳೆ, ಮತ್ತು ಇಂಥದೇ ಕಾರು ಇಟ್ಟುಕೊಂಡಿರುವ ಹತ್ತು ಹನ್ನೆರಡು ಮಂದಿ.

ಪವರ್ ಏರಿಸುವುದು ಕಷ್ಟದ ಕೆಲಸವೇನಲ್ಲ. ಬೆಂಗಳೂರಿಗೆ ಹೋಗಿ ಇಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿದರೆ, ಅಂದರೆ ಅದರೊಳಗಿನ ಲೆಕ್ಕಗಳನ್ನು ಬದಲಿಸಿದರೆ, ಟರ್ಬೊ ಒತ್ತುವ ಗಾಳಿಯ ಪ್ರಮಾಣ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೆಚ್ಚು ಹರಿಯುತ್ತದೆ, ಅರ್ಧ ದಿನದಲ್ಲಿ ಕಾರು ಬೇರೆಯೇ ಆಗಿಬಿಡುತ್ತದೆ. ಮೊದಲ ವರ್ಷ ನನಗೂ ಅದೇ ಆಸೆಯಿತ್ತು, ಹಣವನ್ನೂ ತೆಗೆದಿರಿಸಿದ್ದೆ. ಆ ಹಣ ಬೇರೆ ದಾರಿ ಹಿಡಿದದ್ದು ಒಂದು ಜನವರಿಯ ಸಂಜೆ, ಆಗುಂಬೆ ಘಾಟಿಯಲ್ಲಿ.

ಮನೆಯವರೊಂದಿಗೆ ಉಡುಪಿಗೆ ಹೊರಟಿದ್ದೆ. ಸೂರ್ಯಾಸ್ತ ನೋಡುವ ಕಟ್ಟೆ ದಾಟಿ ಇಳಿಯತೊಡಗಿದ ಮೇಲೆ, ಅಲ್ಲಿನ ಹದಿನಾಲ್ಕು ತಿರುವುಗಳಲ್ಲಿ ಹತ್ತನೆಯದೋ ಹನ್ನೊಂದನೆಯದೋ ಬಂದಾಗ, ಒತ್ತಿದ ಬ್ರೇಕ್ ಪೆಡಲ್ ಹತ್ತಿಯ ಮೂಟೆಯ ಮೇಲೆ ಕಾಲಿಟ್ಟಂತೆ ಮೆತ್ತಗೆ ಕೆಳಗಿಳಿಯಿತು. ಎರಡು ಸಲ ಪಂಪ್ ಮಾಡಿದಾಗ ಅಷ್ಟಿಷ್ಟು ಹಿಡಿಯಿತು. ಮೊದಲ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಗೆ ಕಾರನ್ನು ತಂದು ನಿಲ್ಲಿಸುವಷ್ಟರಲ್ಲಿ ನನ್ನ ಅಂಗೈ ಒದ್ದೆಯಾಗಿತ್ತು. ಹಿಂದೆ ಕುಳಿತಿದ್ದ ಮಗಳು ಏನನ್ನೂ ಕೇಳದೆ ಅಮ್ಮನ ಕೈ ಹಿಡಿದುಕೊಂಡಿದ್ದಳು. ಅದನ್ನು ಕನ್ನಡಿಯಲ್ಲಿ ಕಂಡದ್ದು ನನಗೆ ಇಂದಿಗೂ ನೆನಪಿದೆ.

ಸುಟ್ಟ ಪ್ಯಾಡಿನ ವಾಸನೆಯ ನಡುವೆ ನಿಂತಿದ್ದಾಗ ಕೆಳಗಿನಿಂದ ಬಂದ ಫಿಯೆಟ್‌ನದೇ ಇನ್ನೊಂದು ಕಾರು, ಲೀನಿಯಾ ಟಿ-ಜೆಟ್, ಪಕ್ಕದಲ್ಲಿ ನಿಂತಿತು. ಇಳಿದವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು, ಅರವತ್ತರ ಆಸುಪಾಸಿನ ಹಿರಿಯರು. "ಎಂತ ಆಯ್ತು ಮಾರಾಯ್ರೆ?" ಎಂದವರು, ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ಕಾಲ ಆಯ್ತು?" ಎಂದಷ್ಟೇ ಕೇಳಿದರು. ಆರು ತಿಂಗಳಾಯಿತೆಂದೆ, ಒಂದು ಗ್ಯಾರೇಜಿನವರು ಬಿಲ್ಲಿನಲ್ಲಿ ಹಾಗೆಂದು ಬರೆದುಕೊಟ್ಟಿದ್ದರು. ಅವರು ತಲೆಯಾಡಿಸಿ, ಡಿಸ್ಕ್ ತಣಿಯುವವರೆಗೆ ಮುಕ್ಕಾಲು ಗಂಟೆ ನಮ್ಮ ಜೊತೆಗೇ ನಿಂತರು. ಆಮೇಲೆ ತಮ್ಮ ಕಾರನ್ನು ತಿರುಗಿಸಿಕೊಂಡು, ನನ್ನನ್ನು ಮೊದಲ ಗೇರಿನಲ್ಲಿ ಸೋಮೇಶ್ವರದವರೆಗೆ ಇಳಿಸಿ, ಮತ್ತೆ ಘಾಟಿ ಹತ್ತಿ ಮನೆಗೆ ಹೋದರು.

ಮುಂದಿನ ಭಾನುವಾರ ಅವರ ಅಡಿಕೆ ಒಣಗಿಸುವ ಅಂಗಳದಲ್ಲಿ ನನ್ನ ಕಾರು ಸ್ಟ್ಯಾಂಡುಗಳ ಮೇಲೆ ಕುಳಿತಿತ್ತು. ಹಿಂದಿನ ಚಕ್ರವನ್ನು ಕಳಚಿ ಅವರು ನನಗೆ ಮೊದಲು ತೋರಿಸಿದ್ದು ಹಳೆಯ ಬ್ರೇಕ್ ಆಯಿಲನ್ನು ಹೊರಬಿಡುವ ಬ್ಲೀಡ್ ನಿಪ್ಪಲನ್ನು. ಅದರ ಸುತ್ತ ಎರಡು ಮಳೆಗಾಲಗಳ ಕೆಮ್ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು. ಆರು ತಿಂಗಳ ಹಿಂದೆ ಅದಕ್ಕೆ ಯಾರೂ ಸ್ಪ್ಯಾನರ್ ತಾಗಿಸಿರಲಿಲ್ಲ. ಮಣ್ಣನ್ನು ಬ್ರಶ್ಶಿನಿಂದ ಉಜ್ಜಿ ತೆಗೆದು, ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಉಪ್ಪಿನಕಾಯಿ ಬಾಟಲಿಗೆ ಇಳಿಬಿಟ್ಟರು. ಅವರ ಮಗ ಒಳಗೆ ಕುಳಿತು ಪೆಡಲ್ ಒತ್ತುತ್ತಿದ್ದ. "ಒತ್ತು… ಹಿಡ್ಕೊ… ಈಗ ಬಿಡು" ಎಂಬ ಮಾತಿಗೆ ಸರಿಯಾಗಿ ಸ್ಪ್ಯಾನರ್ ತಿರುಗಿದಾಗಲೆಲ್ಲ, ಕುದಿಸಿಟ್ಟ ಕಷಾಯದ ಬಣ್ಣದ ದ್ರವ ಗುಳ್ಳೆಗಳೊಂದಿಗೆ ಪೈಪಿನಲ್ಲಿ ಸರಿಯುತ್ತಿತ್ತು. ಇಪ್ಪತ್ತು ಸಲವಾದರೂ ಒತ್ತಿದ ಮೇಲೆ ಬಣ್ಣ ತಿಳಿಯಾಗುತ್ತ ಬಂದು, ಕೊನೆಗೆ ಜೇನಿನ ತೆಳು ಹಳದಿಗೆ ನಿಂತಿತು. ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ ಚಕ್ರಕ್ಕೆ ಬರಬೇಕು, ಡಬ್ಬಿಯಲ್ಲಿ ಆಯಿಲ್ ತಳಮುಟ್ಟಲು ಬಿಡಬಾರದು, ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಕೂಡಲೇ ನೀರು ಸುರಿದು ತೊಳೆಯಬೇಕು ಎಂಬುದನ್ನೆಲ್ಲ ನಾನು ಆ ಅಂಗಳದಲ್ಲಿ ಕಲಿತೆ.

ಮಲೆನಾಡಿನವರು ಇದನ್ನು ವಿಶೇಷವಾಗಿ ತಿಳಿದಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ನಾವು ಆಯಿಲ್ ಎನ್ನುವ ಈ ದ್ರವ ಗಾಳಿಯಲ್ಲಿರುವ ತೇವವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಡಾಟ್-4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ, ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುವ ನಮ್ಮೂರಿನಲ್ಲಿ ಬ್ರೇಕಿನ ದ್ರವವೊಂದು ಒಣಗಿ ಉಳಿಯುವುದೆಂದು ನಂಬುವುದು ಹೇಗೆ? ಸುಮಾರು 1,200 ಕಿಲೋ ತೂಕದ ಕಾರು, ಅದರೊಳಗಿನ ನಾಲ್ಕು ಜನ ಮತ್ತು ಸಾಮಾನು ಐದುನೂರು ಮೀಟರಿನಷ್ಟು ಎತ್ತರದಿಂದ ಇಳಿಯುವಾಗ, ಆ ಇಳಿತದ ಶಕ್ತಿಯ ಬಹುಪಾಲು ಡಿಸ್ಕುಗಳಲ್ಲಿ ಬಿಸಿಯಾಗುತ್ತದೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೆ ದ್ರವ ಕುದಿದು ಆವಿಯಾದರೆ, ಕಾಲಿನ ಒತ್ತಡವೆಲ್ಲ ಆವಿಯನ್ನು ಅಮುಕುವುದರಲ್ಲಿಯೇ ಕಳೆದುಹೋಗಿ ಪ್ಯಾಡಿಗೆ ಏನೂ ತಲುಪುವುದಿಲ್ಲ. ನನಗೆ ಆದದ್ದು ಅದೇ. ಅಂದಿನಿಂದ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ದ್ರವ ಬದಲಿಸುತ್ತೇನೆ. ಈಗ ಬಳಸುವುದು ಡಾಟ್-5.1, ಡಾಟ್-5 ಎಂಬ ಹೆಸರಿನದು ಸಿಲಿಕೋನಿನದು, ಎರಡನ್ನೂ ಒಂದೇ ಎಂದು ತಿಳಿದು ಬೆರೆಸಬಾರದು. ರೀಮ್ಯಾಪಿಗೆಂದು ತೆಗೆದಿಟ್ಟ ಹಣದಲ್ಲಿ ಒಳ್ಳೆಯ ಪ್ಯಾಡು, ಹೊಸ ಡಿಸ್ಕು, ಮತ್ತು ನೀರನ್ನು ಚೆನ್ನಾಗಿ ಹೊರಹಾಕುವ ನಾಲ್ಕು ಟೈರು ಬಂದವು.

ಟೈರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಳತೆ ಕಂಪನಿಯದೇ, 195/55 ಆರ್16. ಅಗಲದ ಟೈರು ಹಾಕಿದರೆ ನೋಟ ಹೆಚ್ಚುತ್ತದೆ, ಆದರೆ ನಿಂತ ನೀರಿನ ಮೇಲೆ ತೇಲುವ ಅಪಾಯವೂ ಹೆಚ್ಚುತ್ತದೆ. ಕಾನೂನು 1.6 ಮಿಲಿಮೀಟರ್ ಬಟನ್, ಅಂದರೆ ಟೈರಿನ ಗೀರುಗಳ ಆಳ, ಸಾಕೆನ್ನುತ್ತದೆ. ನಾನು 3 ಮಿಲಿಮೀಟರಿಗೆ ಬಂದಾಗಲೇ ಬದಲಿಸುತ್ತೇನೆ.

ಬ್ರೇಕಿಗಿಂತಲೂ ನನ್ನ ಮನಸ್ಸನ್ನು ಹಿಡಿದ ಕೆಲಸವೆಂದರೆ ಮುಂದಿನ ಚಕ್ರವನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಲೋಯರ್ ಆರ್ಮಿನ ಬುಶ್‌ಗಳದ್ದು. ಈ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್, ಸ್ಪ್ರಿಂಗುಗಳು ಬಿಗಿ. ಊರೂರಿಗೂ ಹಂಪ್ ಇರುವ ಸಾಗರ ರಸ್ತೆಯಲ್ಲಿ ಅದರ ಪೆಟ್ಟನ್ನೆಲ್ಲ ತಿನ್ನುವುದು ಆ ರಬ್ಬರ್ ತುಂಡುಗಳು. ನಲವತ್ತು ಸಾವಿರ ಕಿಲೋಮೀಟರ್ ದಾಟುವಷ್ಟರಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಮುಂದಿನಿಂದ ಟಕ್ ಎಂಬ ಸದ್ದು ಶುರುವಾಯಿತು. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್-6 ನಿಯಮ ಜಾರಿಯಾಗುವ ಮೊದಲೇ ಫಿಯೆಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿದ್ದರಿಂದ ಇಡೀ ಆರ್ಮ್ ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ತೋಟದ ಹಿರಿಯರು ನನ್ನನ್ನು ಭದ್ರಾವತಿಗೆ ಕರೆದೊಯ್ದರು. ಅಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ಟರ್ನರ್ ಆಗಿ ದುಡಿದು ನಿವೃತ್ತರಾದ, ತಾವೂ ಹಳೆಯ ಪುಂಟೊ ಒಂದನ್ನು ಇಟ್ಟುಕೊಂಡಿರುವವರೊಬ್ಬರ ಮನೆಯ ಹಿಂದೆ ಸಣ್ಣದೊಂದು ಲೇತ್ ಇದೆ. ಹೊಸ ಬುಶ್ಶನ್ನು ಕೈಯಲ್ಲಿ ತಿರುಗಿಸಿ ನೋಡಿ, ವರ್ನಿಯರ್ ಹಿಡಿದು ಮೂರು ಕಡೆ ಅಳೆದು, ಹಳೆಯ ಬುಶ್ಶನ್ನು ಹೊರತಳ್ಳಲು ಒಂದು, ಹೊಸದನ್ನು ಒಳಗೆ ಕೂರಿಸಲು ಒಂದು ಎಂದು ಎರಡು ಉಕ್ಕಿನ ಬಟ್ಟಲುಗಳನ್ನು ಅವರು ತಿರುಗಿಸಿಕೊಟ್ಟರು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ರಬ್ಬರಿನ ಅಂಟು ಬಿಡುತ್ತದೆ. ಬಟ್ಟಲಿನ ಅಂಚು ಹೊರಗಿನ ಉಂಗುರದ ಮೇಲೆ ಮಾತ್ರ ಒತ್ತಿದರೆ ಬುಶ್ ನೇರವಾಗಿ ಜಾರಿ ಕೂರುತ್ತದೆ.

ಅವರೇ ಹೇಳಿದ ಇನ್ನೊಂದು ಮಾತು ಅನೇಕ ಗ್ಯಾರೇಜುಗಳಿಗೆ ತಿಳಿದಿದ್ದರೂ ಅವಸರದಲ್ಲಿ ಬಿಟ್ಟುಹೋಗುವಂಥದು. ಕಾರು ಜ್ಯಾಕಿನ ಮೇಲಿದ್ದು ಚಕ್ರ ತೂಗುತ್ತಿರುವಾಗ ಆರ್ಮಿನ ಬೋಲ್ಟನ್ನು ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ ಮತ್ತು ಆ ತಿರುಚಿನಲ್ಲೇ ದಿನವಿಡೀ ದುಡಿದು ಬೇಗ ಹರಿಯುತ್ತದೆ. ಆದ್ದರಿಂದ ಕಾರಿನ ಪೂರ್ಣ ಭಾರ ಚಕ್ರಗಳ ಮೇಲೆ ಕುಳಿತ ನಂತರವೇ ಕೊನೆಯ ಬಿಗಿ ಕೊಡಬೇಕು. ಹಾಗೆ ಕೂರಿಸಿದ ಬುಶ್‌ಗಳು ಮೂರು ವರ್ಷವಾದರೂ ಸದ್ದು ಮಾಡಿಲ್ಲ. ಆ ಎರಡು ಬಟ್ಟಲುಗಳು ಈಗ ನನ್ನವಲ್ಲ. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿದ ಅವು ಸಾಗರ, ಕೊಪ್ಪ, ಚಿಕ್ಕಮಗಳೂರುಗಳಿಗೆ ಬಸ್ಸಿನ ಪಾರ್ಸೆಲಿನಲ್ಲಿ ಹೋಗಿ ಬಂದಿವೆ.

ನಮ್ಮ ಬಳಗ ಬೆಳೆದದ್ದು ಹೀಗೆ. ಲೀನಿಯಾ ಟಿ-ಜೆಟ್‌ನದೂ ಅಬಾರ್ತ್‌ನದೂ ಒಂದೇ ಮೂಲದ ಇಂಜಿನ್ ಆದ್ದರಿಂದ ಅವರಲ್ಲಿರುವ ಫಿಲ್ಟರ್ ಇವರಿಗಾಗುತ್ತದೆ, ಇವರು ಕಂಡ ದೋಷ ಅವರಿಗೆ ಎಚ್ಚರಿಕೆಯಾಗುತ್ತದೆ. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಯತೊಡಗಿದ ಮೇಲೆ ಹಳೆಯ ರಬ್ಬರ್ ಪೈಪುಗಳನ್ನು ಒಬ್ಬೊಬ್ಬರಾಗಿ ಬದಲಿಸಿಕೊಂಡೆವು. ಇಲಿ ವೈರ್ ಕಡಿದ ಕಾರನ್ನು ಸರಿಪಡಿಸಲು ಸಾಗರದ ಒಬ್ಬ ಮೇಷ್ಟ್ರು ರಾತ್ರಿ ಹನ್ನೊಂದಕ್ಕೆ ಸರ್ಕಿಟ್ ಚಿತ್ರ ಹಿಡಿದು ಬಂದದ್ದುಂಟು. ತಿಂಗಳಿಗೊಮ್ಮೆ ಮಂಡಗದ್ದೆಯ ಬಳಿ ಸೇರುತ್ತೇವೆ. ಯಾರಾದರೊಬ್ಬರ ಮನೆಯಿಂದ ಕಡುಬು ಬಂದಿರುತ್ತದೆ. ಅಲ್ಲಿ ಕಾರುಗಳ ಓಟವೇನೂ ನಡೆಯುವುದಿಲ್ಲ, ಬಾನೆಟ್ಟುಗಳು ತೆರೆದಿರುತ್ತವೆ.

ಕಾನೂನಿನ ಮಾತನ್ನೂ ಹೇಳಬೇಕು. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಅಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ಆದರೆ ನಾನು ಸೈಲೆನ್ಸರಿಗೆ ಕೈ ಹಾಕದಿರುವುದಕ್ಕೆ ದಂಡದ ಭಯವೊಂದೇ ಕಾರಣವಲ್ಲ. ಆಗುಂಬೆ ಘಾಟಿ ಸೋಮೇಶ್ವರ ವನ್ಯಜೀವಿಧಾಮದ ಕಾಡಿನಲ್ಲಿ ಇಳಿಯುತ್ತದೆ. ಸಿಂಗಳೀಕಗಳು ಮರಿಗಳನ್ನು ಅಪ್ಪಿಕೊಂಡು ರಸ್ತೆಯ ಮೇಲಿನ ಕೊಂಬೆಗಳನ್ನು ದಾಟುವ ಜಾಗದಲ್ಲಿ ಪಟಾಕಿಯಂತೆ ಸಿಡಿಯುವ ಸೈಲೆನ್ಸರು ಹೊತ್ತು ಹೋಗಲು ನನಗೆ ಮನಸ್ಸು ಬರುವುದಿಲ್ಲ. ಕಾರಿನ ಪೂರ್ಣ ವೇಗ ನೋಡಬೇಕೆನಿಸಿದವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇದೆ. ನಮ್ಮ ಬಳಗದ ಇಬ್ಬರು ಕಿರಿಯರು ಕೊಯಮತ್ತೂರಿಗೆ ಹೋಗಿ ಓಡಿಸಿ ಬಂದರು. ಬಂದವರು ಮೊದಲು ಕೇಳಿದ್ದು ಬ್ರೇಕಿನ ದ್ರವ ಯಾವುದು ಒಳ್ಳೆಯದೆಂದು.

ಹಾಗಾಗಿ ಪವರ್ ಎಷ್ಟು ಏರಿಸಿದ್ದೀರಿ ಎಂದು ಕೇಳುವ ತಮ್ಮಂದಿರಿಗೆ ನನ್ನ ಉತ್ತರ ಇದು: 145 ಇತ್ತು, 145 ಇದೆ, ಮತ್ತು ಆ 145ನ್ನು ನಮ್ಮ ಘಾಟಿಯಲ್ಲಿ ಹೇಳಿದಲ್ಲಿ ನಿಲ್ಲಿಸಲು, ತಿರುಗಿಸಿದಲ್ಲಿ ತಿರುಗಿಸಲು ಉಳಿದ ಹಣವನ್ನೆಲ್ಲ ಖರ್ಚು ಮಾಡಿದ್ದೇನೆ. ಮುಂದಿನ ಕೆಲಸ ಟೈಮಿಂಗ್ ಬೆಲ್ಟಿನದು. ಇಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಅದು ರಬ್ಬರಿನದು, ಕಿಲೋಮೀಟರ್ ಕಡಿಮೆ ಓಡಿದ್ದರೂ ವಯಸ್ಸಾಗುತ್ತದೆ. ಎರಡು ಬೆಲ್ಟ್ ಒಟ್ಟಿಗೆ ತರಿಸಿ ತೋಟದ ಮನೆಯಲ್ಲಿಟ್ಟಿದ್ದೇವೆ. ದೀಪಾವಳಿ ಕಳೆದ ಮೊದಲ ಭಾನುವಾರ ಅವರ ಲೀನಿಯಾ, ಅದರ ಮರುವಾರ ನನ್ನ ಕಾರು. ಕಲಿಯುವ ಆಸೆ ಇರುವವರು ಆ ಅಂಗಳಕ್ಕೆ ಬರಬಹುದು, ಪೆಡಲ್ ಒತ್ತಲು ಒಂದು ಕಾಲು ಯಾವಾಗಲೂ ಬೇಕಾಗುತ್ತದೆ.