ಬ್ಯಾಟರಿಯೊಳಗಿನ ಪೊರೆ
ಲಿಥಿಯಂ ಬ್ಯಾಟರಿ ಬಗ್ಗೆ ಓದಿದಾಗಿನಿಂದ ಒಂದು ಪೊರೆ ತಲೆಯಿಂದ ಹೋಗುತ್ತಲೇ ಇಲ್ಲ. ಹೊಸ ಬ್ಯಾಟರಿಯನ್ನು ಮೊದಲ ಸಲ ಚಾರ್ಜ್ ಮಾಡುವಾಗ ಅದರ ಋಣ ತುದಿಯ ಗ್ರಾಫೈಟ್ ತಾಗಿದ ಕಡೆ ಎಲೆಕ್ಟ್ರೋಲೈಟ್, ಅಂದರೆ ಲಿಥಿಯಂ ಅಯಾನುಗಳು ಓಡಾಡುವ ದ್ರವ, ತಡೆದುಕೊಳ್ಳಲಾರದೆ ಒಡೆಯುತ್ತದೆ. ಒಡೆದದ್ದೇ ಅಲ್ಲಿ ಕೂತು, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಪದರ ಕಟ್ಟುತ್ತದೆ. ಅದು ಲಿಥಿಯಂ ಅಯಾನನ್ನು ಒಳಗೆ ಬಿಡುತ್ತದೆ, ಎಲೆಕ್ಟ್ರಾನನ್ನು ಬಿಡುವುದಿಲ್ಲ. ಹಾಗಾಗಿ ಒಡೆಯುವುದು ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. 1979ರಲ್ಲಿ ಇದಕ್ಕೆ ಎಸ್‌ಇಐ (ಸಾಲಿಡ್ ಎಲೆಕ್ಟ್ರೋಲೈಟ್ ಇಂಟರ್‌ಫೇಸ್) ಅಂತ ಹೆಸರಿಟ್ಟವರು ಇಸ್ರೇಲಿನ ವಿಜ್ಞಾನಿ ಇಮ್ಯಾನುಯೆಲ್ ಪೆಲೆಡ್.

ನನಗೆ ತುಂಬಾ ಹಿಡಿಸಿದ್ದು ಎಲೆಕ್ಟ್ರೋಲೈಟಿನ ಉಪ್ಪನ್ನು ಕರಗಿಸುವ ದ್ರಾವಕದ ಕಥೆ. ಬರೀ ಪ್ರೊಪಿಲೀನ್ ಕಾರ್ಬೊನೇಟ್ ಹಾಕಿದರೆ ಗ್ರಾಫೈಟ್ ಪದರ ಪದರವಾಗಿ ಕಿತ್ತು ಬರುತ್ತದೆ. ಎಥಿಲೀನ್ ಕಾರ್ಬೊನೇಟ್ ಹಾಕಿದರೆ ಪೊರೆ ಗಟ್ಟಿಯಾಗಿ ಕೂರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು, ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್ ಪರಮಾಣುಗಳ ಗುಂಪು! ಎಷ್ಟು ಸಣ್ಣದು, ಅಲ್ವಾ?

ಆದರೆ ಪೊರೆ ಕಟ್ಟಲೂ ಲಿಥಿಯಂ ಬೇಕು. ಬಿಸಿ ಜಾಸ್ತಿಯಾದರೆ ಪೊರೆ ಬೇಗ ದಪ್ಪವಾಗುತ್ತದೆ, ಓಡಾಡಬೇಕಾದ ಲಿಥಿಯಂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೀರಿನ ಪಸೆ ಸೇರಿದರಂತೂ ಎಲೆಕ್ಟ್ರೋಲೈಟಿನ ಉಪ್ಪು ಒಡೆದು ಹೈಡ್ರೊಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಆಚೆ ಬದಿಯ ಧನ ತುದಿಯಾದ ಕ್ಯಾಥೋಡನ್ನೂ ಕೊರೆಯುತ್ತದೆ.

ಸುಡು ಬಿಸಿಲಲ್ಲಿ ನಿಲ್ಲಿಸಿದ ಎಲೆಕ್ಟ್ರಿಕ್ ಸ್ಕೂಟರ್ ಕಂಡರೆ ಈಗ, ಸ್ವಲ್ಪ ನೆರಳಿಗೆ ತಳ್ಳಿ ಅಂತ ಹೇಳಬೇಕು ಅನಿಸುತ್ತದೆ.