ಕಮಾನು ಕಂಡರೆ ಸಾಲದು: ಗುರುತ್ವ ಮಸೂರ ಹುಡುಕುವ ಕೆಲಸದ ಪಾಠಗಳು

ಭಾರಿ ಗೆಲಾಕ್ಸಿಯೊಂದರ ಗುರುತ್ವ, ಅದರ ಹಿಂದೆ ಬಹುದೂರದಲ್ಲಿರುವ ಇನ್ನೊಂದು ಗೆಲಾಕ್ಸಿಯ ಬೆಳಕನ್ನು ಬಾಗಿಸಿ ಕಮಾನು, ಉಂಗುರ ಇಲ್ಲವೇ ಹಲವು ಬಿಂಬಗಳಾಗಿ ತೋರಿಸಿದರೆ ಅದು ಗುರುತ್ವ ಮಸೂರ. ಗೆಲಾಕ್ಸಿ ಚಿತ್ರಗಳಲ್ಲಿ ಅದನ್ನು ಹುಡುಕುವುದೆಂದರೆ ಬಹುಪಾಲು ‘ಇದಲ್ಲ’ ಎನ್ನುವ ಕೆಲಸ. ಭಾರಿ ಗೆಲಾಕ್ಸಿಗಳನ್ನೇ ಆರಿಸಿಕೊಂಡು ನೋಡಿದರೂ ಸಾವಿರ, ಎರಡು ಸಾವಿರಕ್ಕೆ ಒಂದು ಸಿಕ್ಕರೆ ಅದೇ ಹೆಚ್ಚು. ಹೊಸಬರು ಪರದೆಯ ಮುಂದೆ ಕೂತ ಕೂಡಲೇ ಕೆಂಪು ಗೆಲಾಕ್ಸಿಯ ಪಕ್ಕ ನೀಲಿ ಕಮಾನು ಕಾಣುತ್ತದೆಯೇ ಎಂದು ಹುಡುಕುತ್ತಾರೆ. ನೀಲಿ ಕಮಾನುಗಳಿಗೇನು ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಸುರುಳಿ ಗೆಲಾಕ್ಸಿಗಳ ತೋಳುಗಳು. ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಬೇರೆ: ಇದು ನಿಜಕ್ಕೂ ಮಸೂರವಾಗಿದ್ದರೆ, ಹಿಂದಿನ ಗೆಲಾಕ್ಸಿಯ ಅದೇ ಬೆಳಕು ಇನ್ನೆಲ್ಲಿ ಬಿದ್ದಿರಬೇಕು? ಅಲ್ಲಿ ಅದು ಇದೆಯೇ?

ಮೊದಲು ಅಳತೆ. ಮಸೂರದ ಗಾತ್ರವನ್ನು ಐನ್‌ಸ್ಟೈನ್ ತ್ರಿಜ್ಯದಲ್ಲಿ, ಅಂದರೆ ಹಿಂದಿನ ಗೆಲಾಕ್ಸಿ ನೇರ ಹಿಂದೆಯೇ ಇದ್ದಾಗ ಮೂಡುವ ಉಂಗುರದ ತ್ರಿಜ್ಯದಲ್ಲಿ, ಹೇಳುತ್ತೇವೆ. ಅದು ಮುಂದಿನ ಗೆಲಾಕ್ಸಿಯೊಳಗಿನ ನಕ್ಷತ್ರಗಳ ವೇಗ ಎಷ್ಟು ಹರಡಿಕೊಂಡಿದೆ ಎಂಬುದರ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಆ ವೇಗ ಹರವು ಸೆಕೆಂಡಿಗೆ 200 ಕಿ.ಮೀ. ಇದ್ದರೆ ಹೆಚ್ಚೆಂದರೆ 1.15 ಆರ್ಕ್‌ಸೆಕೆಂಡ್ (ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್), 250 ಇದ್ದರೆ 1.8, 300 ಇದ್ದರೆ 2.6. ಇದನ್ನು ದೂರಗಳ ಅನುಪಾತದಿಂದ, ಅಂದರೆ ಮಸೂರದಿಂದ ಹಿಂದಿನ ಗೆಲಾಕ್ಸಿಗಿರುವ ದೂರವನ್ನು ನಮ್ಮಿಂದ ಅದಕ್ಕಿರುವ ದೂರದಿಂದ ಭಾಗಿಸಿ ಬಂದದ್ದರಿಂದ, ಗುಣಿಸಬೇಕು. ಮಸೂರ 0.5 ರೆಡ್‌ಶಿಫ್ಟ್‌ನಲ್ಲಿ (ಬ್ರಹ್ಮಾಂಡ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಸರಿದ ಪ್ರಮಾಣ; ಹೆಚ್ಚಿದಷ್ಟೂ ದೂರ), ಹಿಂದಿನ ಗೆಲಾಕ್ಸಿ 2ರಲ್ಲಿ ಇದ್ದರೆ ಆ ಅನುಪಾತ ಸುಮಾರು 0.6. ಅಂದರೆ ದಷ್ಟಪುಷ್ಟವಾದ ಒಂದು ಎಲಿಪ್ಟಿಕಲ್ (ತೋಳುಗಳಿಲ್ಲದ, ಉಂಡೆಯಾಕಾರದ) ಗೆಲಾಕ್ಸಿಯ ಸುತ್ತ ಕಮಾನು ಬರುವುದು ಒಂದು, ಒಂದೂವರೆ ಆರ್ಕ್‌ಸೆಕೆಂಡ್ ಆಸುಪಾಸಿನಲ್ಲಿ. ಒಂಟಿಯಾಗಿ ನಿಂತ ಸಾಧಾರಣ ಗೆಲಾಕ್ಸಿಯಿಂದ 5 ಆರ್ಕ್‌ಸೆಕೆಂಡ್ ದೂರದಲ್ಲಿ ಚಂದದ ಕಮಾನು ಕಂಡರೆ ಹಿಗ್ಗುವ ಬದಲು ಅನುಮಾನಪಡಿ. ಅಷ್ಟು ದೂರಕ್ಕೆ ಬೆಳಕನ್ನು ಬಾಗಿಸಲು ಸೆಕೆಂಡಿಗೆ 500 ಕಿ.ಮೀ.ಗೂ ಮೀರಿದ ವೇಗ ಹರವಿನ ದ್ರವ್ಯರಾಶಿ ಬೇಕು. ಅದು ಗೆಲಾಕ್ಸಿಗಳ ಗುಂಪಿನ ಲೆಕ್ಕ. 2007ರಲ್ಲಿ ಪ್ರಕಟವಾದ ‘ಕಾಸ್ಮಿಕ್ ಹಾರ್ಸ್‌ಶೂ’ ಎಂಬ ಮಸೂರದ ಉಂಗುರ ಸುಮಾರು 10 ಆರ್ಕ್‌ಸೆಕೆಂಡ್ ಅಗಲವಿದೆ ನಿಜ, ಆದರೆ ಅದರ ನಡುವೆ ಕೂತಿರುವುದು ಅಸಾಮಾನ್ಯ ತೂಕದ ಗೆಲಾಕ್ಸಿ. ಅಪವಾದವನ್ನು ಅಪವಾದವೆಂದೇ ನೆನಪಿಡಬೇಕು.

ಇದೇ ಅಳತೆಯನ್ನು ದೂರದರ್ಶಕದ ಕಡೆಯಿಂದಲೂ ನೋಡಬೇಕು. ಸುಬಾರು ದೂರದರ್ಶಕದ ಹೈಪರ್ ಸುಪ್ರೀಂ ಕ್ಯಾಮ್ ಕ್ಯಾಮೆರಾದ ಒಂದು ಪಿಕ್ಸೆಲ್ 0.168 ಆರ್ಕ್‌ಸೆಕೆಂಡ್, ರೂಬಿನ್ ವೀಕ್ಷಣಾಲಯದ್ದು 0.2, ಬಾಹ್ಯಾಕಾಶದಲ್ಲಿರುವ ಯೂಕ್ಲಿಡ್ ದೂರದರ್ಶಕದ ದೃಗ್ಗೋಚರ ಕ್ಯಾಮೆರಾದ್ದು 0.1. ನೆಲದ ಮೇಲಿನ ದೂರದರ್ಶಕಗಳಲ್ಲಿ ಪಿಕ್ಸೆಲ್‌ಗಿಂತ ವಾಯುಮಂಡಲದ ಮಸುಕೇ ದೊಡ್ಡದು. ಆ ಮಸುಕು 1.2 ಆರ್ಕ್‌ಸೆಕೆಂಡ್ ಇದ್ದ ರಾತ್ರಿಯ ಚಿತ್ರದಲ್ಲಿ 0.8 ತ್ರಿಜ್ಯದ ಮಸೂರವನ್ನು ಹುಡುಕಿ ಫಲವಿಲ್ಲ. ಎಲ್ಲವೂ ಕಲೆಸಿಕೊಂಡು, ಅಂಚು ಸ್ವಲ್ಪ ನೀಲಿಯಾದ ಒಂದು ಉಂಡೆ ಕಾಣುತ್ತದೆ, ಅಷ್ಟೆ.

ಗೆಲಾಕ್ಸಿಯ ಸುತ್ತ ಕತ್ತರಿಸಿ ತೆಗೆದ ಚಿತ್ರದ, ಅಂದರೆ ಕಟೌಟ್‌ನ, ಅಳತೆ 10ರಿಂದ 12 ಆರ್ಕ್‌ಸೆಕೆಂಡ್ ಇದ್ದರೆ ಒಂಟಿ ಗೆಲಾಕ್ಸಿಗೆ ಸಾಕು. ಪಕ್ಕದಲ್ಲೇ 40 ಆರ್ಕ್‌ಸೆಕೆಂಡಿನ ಇನ್ನೊಂದು ಚಿತ್ರ ತೆರೆದಿಡಿ. ಸಣ್ಣ ಚಿತ್ರದಲ್ಲಿ ಕಮಾನಿನಂತೆ ಕಂಡದ್ದು, ದೊಡ್ಡದರಲ್ಲಿ ನೋಡಿದರೆ ಎರಡು ಗೆಲಾಕ್ಸಿಗಳ ಡಿಕ್ಕಿಯಲ್ಲಿ ಎಳೆದುಬಂದ ಬಾಲವಾಗಿರುತ್ತದೆ. ಕ್ಷುದ್ರಗ್ರಹ, ಉಪಗ್ರಹಗಳ ಗೆರೆಗಳನ್ನು ಕಂಡುಹಿಡಿಯುವುದು ಸುಲಭ: ಪ್ರತಿ ಫಿಲ್ಟರ್‌ನ ಚಿತ್ರ ಬೇರೆ ಬೇರೆ ಹೊತ್ತಿನಲ್ಲಿ ತೆಗೆದದ್ದಾದ್ದರಿಂದ ಅವು ಒಂದರಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ.

ಬಣ್ಣದ ಚಿತ್ರವನ್ನು ಸಾಮಾನ್ಯವಾಗಿ ಜಿ (ನೀಲಿ-ಹಸಿರು), ಆರ್ (ಕೆಂಪು), ಐ (ಕೆಂಪಿನಾಚೆ) ಫಿಲ್ಟರ್‌ಗಳನ್ನು ಕೂಡಿಸಿ ಮಾಡುತ್ತಾರೆ. ಹೊಳಪನ್ನು ನೇರ ಅನುಪಾತದಲ್ಲಿ ತೋರಿಸಿದರೆ ನಡುವಿನ ಗೆಲಾಕ್ಸಿ ಬೆಳ್ಳಗೆ ಉರಿಯುತ್ತದೆ, ಕಮಾನು ಮಾಯವಾಗುತ್ತದೆ. ಹೆಚ್ಚಿನ ಹೊಳಪನ್ನು ಅದುಮಿ ತೋರಿಸುವ ಆರ್ಕ್‌ಸೈನ್‌ಎಚ್ ಮಾಪಕ ಬಳಸಿದರೆ ಹೊಳಪಿನದೂ ಮಂಕಾದದ್ದೂ ಒಟ್ಟಿಗೆ ಕಾಣುತ್ತವೆ. ಒಂದೇ ಮಾಪಕ ಸಾಲದು. ಒಳಭಾಗ ಬಿಡಿಸಿ ತೋರಿಸುವುದು, ಹೊರಗಿನ ಮಂಕು ಬೆಳಕನ್ನು ಎತ್ತಿ ತೋರಿಸುವುದು, ನಡುವಿನ ಗೆಲಾಕ್ಸಿಯನ್ನು ಕಳೆದು ಉಳಿದದ್ದನ್ನು ತೋರಿಸುವುದು, ಹೀಗೆ ಮೂರನ್ನು ಅಕ್ಕಪಕ್ಕ ಇಟ್ಟುಕೊಂಡೇ ಅಂಕ ಕೊಡಬೇಕು.

ಇಲ್ಲೊಂದು ಗುಂಡಿ ಇದೆ; ಇದರಲ್ಲಿ ಬೀಳದವರು ಕಡಿಮೆ. ಜಿ ಫಿಲ್ಟರ್‌ನ ಚಿತ್ರ ಐ ಫಿಲ್ಟರ್‌ನದಕ್ಕಿಂತ ಹೆಚ್ಚು ಮಸುಕಾಗಿರುವುದು ಮಾಮೂಲು. ಗೆಲಾಕ್ಸಿಯ ನೀಲಿ ಬೆಳಕು ಹೊರಕ್ಕೆ ಹರಡಿ ಕೆಂಪು ಬೆಳಕು ಒಳಗೇ ನಿಂತರೆ, ಪ್ರತಿ ಪುಟ್ಟ ಕೆಂಪು ಗೆಲಾಕ್ಸಿಯ ಸುತ್ತಲೂ ಅಚ್ಚುಕಟ್ಟಾದ ನೀಲಿ ಉಂಗುರ ಮೂಡುತ್ತದೆ. ನೋಡಲು ಐನ್‌ಸ್ಟೈನ್ ಉಂಗುರವೇ ಸರಿ! ಪರೀಕ್ಷೆ ಅರ್ಧ ನಿಮಿಷದ್ದು: ಅದೇ ಚಿತ್ರದಲ್ಲಿರುವ ಯಾವುದಾದರೂ ನಕ್ಷತ್ರವನ್ನು ನೋಡಿ. ಅದಕ್ಕೂ ನೀಲಿ ಬಳೆ ಇದ್ದರೆ ಮಸೂರವನ್ನು ಮರೆತುಬಿಡಿ. ಸರಿಪಡಿಸಬೇಕೆಂದರೆ ಎಲ್ಲ ಫಿಲ್ಟರ್‌ಗಳ ಚಿತ್ರಗಳನ್ನೂ ಅತಿ ಮಸುಕಾದದ್ದರ ಮಟ್ಟಕ್ಕೆ ತಂದು, ಆಮೇಲೆ ಕೂಡಿಸಬೇಕು.

ಈಗ ಎದುರು ಬಿಂಬದ ಮಾತು. ಒಂದು ಲೆಕ್ಕ ಹಾಕೋಣ. ದುಂಡನೆಯ ಸರಳ ಮಸೂರ, ಐನ್‌ಸ್ಟೈನ್ ತ್ರಿಜ್ಯ 1.2 ಆರ್ಕ್‌ಸೆಕೆಂಡ್. ಹಿಂದಿನ ಗೆಲಾಕ್ಸಿ ನೇರ ರೇಖೆಯಿಂದ 0.4 ಸರಿದು ಕೂತಿದೆ. ಆಗ ಬಿಂಬಗಳು ಎರಡು: ಒಂದು ಆ ಕಡೆ 1.2 ಕೂಡಿಸು 0.4, ಅಂದರೆ 1.6 ದೂರದಲ್ಲಿ, ಇನ್ನೊಂದು ನೇರ ಎದುರಿಗೆ 1.2 ಕಳೆ 0.4, ಅಂದರೆ 0.8 ದೂರದಲ್ಲಿ. ಮೊದಲನೆಯದು 4 ಪಟ್ಟು ಹಿಗ್ಗಿರುತ್ತದೆ, ಎರಡನೆಯದು 2 ಪಟ್ಟು. ಹೊರಗಿನದು ದೊಡ್ಡದು, ಪ್ರಕಾಶಮಾನ; ಒಳಗಿನದು ಸಣ್ಣದು, ಅರ್ಧ ಹೊಳಪಿನದು, ಮೇಲಾಗಿ ಮಸೂರ ಗೆಲಾಕ್ಸಿಯ ಬೆಳಕಿನಲ್ಲೇ ಮುಳುಗಿರುತ್ತದೆ. ನಡುವಿನ ಗೆಲಾಕ್ಸಿಯನ್ನು ಕಳೆಯುವ ಕಷ್ಟವೆಲ್ಲ ಇದನ್ನು ಹೊರಗೆಳೆಯಲೆಂದೇ. ಹಿಂದಿನ ಗೆಲಾಕ್ಸಿ 1.2ಕ್ಕಿಂತ ಆಚೆ ಸರಿದರೆ ಎದುರು ಬಿಂಬ ಹುಟ್ಟುವುದೇ ಇಲ್ಲ. ಆದರೆ ಆಗ ಉಳಿದ ಒಂಟಿ ಬಿಂಬದ ಹಿಗ್ಗುವಿಕೆಯೂ 2 ಪಟ್ಟು ಮೀರುವುದಿಲ್ಲ. ಹಾಗಾಗಿ ಉದ್ದನೆಯ ತೆಳ್ಳನೆಯ ಕಮಾನು ಇದ್ದು, ಚೆನ್ನಾಗಿ ಕಳೆದ ಚಿತ್ರದಲ್ಲೂ ಎದುರುಗಡೆ ಖಾಲಿ ಇದ್ದರೆ ಅದು ತಾಳೆಯಾಗದ ಕಥೆ. ಅಷ್ಟು ಹಿಗ್ಗಿದ್ದಕ್ಕೆ ಜೊತೆಗಾರರು ಇರಲೇಬೇಕು.

ನಾಲ್ಕು ಬಿಂಬಗಳಾದಾಗ ಸಾಕ್ಷ್ಯ ಇನ್ನೂ ಬಿಗಿ. ಮೂರು ಒಂದೇ ಬದಿಗೆ ಕಮಾನಾಗಿ ಸೇರಿ ಒಂದು ಎದುರಿಗೆ ನಿಂತಿದ್ದರೆ, ಆದರ್ಶ ಸ್ಥಿತಿಯಲ್ಲಿ ಆ ಮೂರರ ನಡುವಿನದರ ಹೊಳಪು ಅಕ್ಕಪಕ್ಕದ ಎರಡರ ಮೊತ್ತಕ್ಕೆ ಸಮ. ಎರಡು ಬಿಂಬಗಳು ಅಂಟಿಕೊಂಡಂತೆ ಬಂದಿದ್ದರೆ ಅವೆರಡರ ಹೊಳಪು ಹೆಚ್ಚುಕಡಿಮೆ ಒಂದೇ, ಮತ್ತು ಒಂದು ಇನ್ನೊಂದರ ಕನ್ನಡಿ ಬಿಂಬ. ಒಂದರಲ್ಲಿ ಹೊಳಪಿನ ಗಂಟು ಬಲಕ್ಕಿದ್ದರೆ ಇನ್ನೊಂದರಲ್ಲಿ ಎಡಕ್ಕಿರಬೇಕು. ಈ ಗಣಿತ ತಪ್ಪಿದ ಮಾತ್ರಕ್ಕೆ ಮಸೂರವಲ್ಲ ಎನ್ನಲಾಗದು. ದೂಳು, ಮಸೂರದೊಳಗಿನ ಸಣ್ಣ ರಾಶಿಗಳು, ಹಿಂದಿರುವುದು ಕ್ವೇಸಾರ್ (ಚುಕ್ಕೆಯಂತೆ ಕಾಣುವ ಅತಿ ಪ್ರಕಾಶಮಾನ ಗೆಲಾಕ್ಸಿ ಕೇಂದ್ರ) ಆದರೆ ಮಸೂರದ ಒಂದೊಂದು ನಕ್ಷತ್ರ ಕೂಡ ಹೊಳಪನ್ನು ಕೆಡಿಸುತ್ತವೆ. ಜಾಗ ತಪ್ಪುವುದು ಮಾತ್ರ ಸಣ್ಣ ವಿಷಯವಲ್ಲ.

ಬಿಂಬಗಳ ಬಣ್ಣ ಒಂದೇ ಇರಬೇಕು, ಏಕೆಂದರೆ ಗುರುತ್ವ ಎಲ್ಲ ತರಂಗಾಂತರವನ್ನೂ ಒಂದೇ ಕೋನದಲ್ಲಿ ಬಾಗಿಸುತ್ತದೆ. ಹಾಗೆಂದು ಬಣ್ಣವೊಂದನ್ನೇ ನಂಬುವುದೂ ಅಪಾಯ. 2003ರಲ್ಲಿ ಸಿಎಸ್‌ಎಲ್-1 ಎಂಬ ಜೋಡಿ ಸುದ್ದಿಯಾಯಿತು: ಸುಮಾರು 2 ಆರ್ಕ್‌ಸೆಕೆಂಡ್ ಅಂತರದಲ್ಲಿ ಒಂದೇ ಬಣ್ಣ, ಒಂದೇ ಆಕಾರ, ಒಂದೇ ರೆಡ್‌ಶಿಫ್ಟ್‌ನ ಎರಡು ಗೆಲಾಕ್ಸಿ. ನಡುವೆ ಮಸೂರ ಗೆಲಾಕ್ಸಿ ಕಾಣದ್ದರಿಂದ ಕಾಸ್ಮಿಕ್ ಸ್ಟ್ರಿಂಗ್ (ಬ್ರಹ್ಮಾಂಡದ ಆರಂಭದಿಂದ ಉಳಿದಿರಬಹುದೆಂದು ಊಹಿಸಿರುವ ತೆಳು ಎಳೆ) ಒಂದು ಬೆಳಕನ್ನು ಸೀಳಿರಬಹುದೆಂಬ ವಾದ ಬಂತು. 2006ರಲ್ಲಿ ಹಬಲ್ ತೆಗೆದ ಸ್ಪಷ್ಟ ಚಿತ್ರದಲ್ಲಿ ಅವು ಒಂದಕ್ಕೊಂದು ಹತ್ತಿರವಿರುವ ಎರಡು ಬೇರೆ ಗೆಲಾಕ್ಸಿಗಳೆಂದು ಗೊತ್ತಾಯಿತು. ಅಕ್ಕಪಕ್ಕದ ಎಲಿಪ್ಟಿಕಲ್ ಗೆಲಾಕ್ಸಿಗಳು ಒಂದೇ ಅಚ್ಚಿನಲ್ಲಿ ತೆಗೆದಂತಿರುವುದು ಅಪರೂಪವೇನಲ್ಲ.

ನಡುವಿನ ಗೆಲಾಕ್ಸಿಯನ್ನು ಕಳೆಯುವುದಕ್ಕೆ ಸಾಮಾನ್ಯವಾಗಿ ಸೆರ್ಸಿಕ್ ಮಾದರಿ, ಅಂದರೆ ಕೇಂದ್ರದಿಂದ ಹೊರಕ್ಕೆ ಹೊಳಪು ಇಳಿಯುವ ಬಗೆಯನ್ನು ಹೇಳುವ ಸೂತ್ರ, ಕೂರಿಸುತ್ತೇವೆ. ಕಮಾನಿನ ಜಾಗವನ್ನು ಮೊದಲು ಮುಚ್ಚಿಡಬೇಕು. ಇಲ್ಲದಿದ್ದರೆ ಮಾದರಿಯೇ ಕಮಾನಿನ ಬೆಳಕನ್ನು ನುಂಗಿ, ಉಳಿಕೆಯಲ್ಲಿ ಕಪ್ಪು ಹಳ್ಳ ಬಿಡುತ್ತದೆ. ಉಳಿಕೆಯನ್ನು ಓದಲು ಕಲಿಯುವುದು ಪ್ರತ್ಯೇಕ ವಿದ್ಯೆ. ಒಂದು ಬದಿ ಬಿಳಿ, ಎದುರು ಬದಿ ಕಪ್ಪು ಬಂದರೆ ಕೇಂದ್ರ ತಪ್ಪಿದೆ ಎಂದರ್ಥ. ನಾಲ್ಕು ಎಸಳಿನ ಹೂವಿನಂತೆ ಬಿಳಿ-ಕಪ್ಪು ಬಂದರೆ ಚಪ್ಪಟೆತನ ತಪ್ಪಿದೆ; ಆತುರದ ಕಣ್ಣಿಗೆ ಇದು ನಾಲ್ಕು ಬಿಂಬಗಳ ಶಿಲುಬೆಯಂತೆ ಕಾಣುತ್ತದೆ. ಒಂದರೊಳಗೊಂದು ಬಳೆಗಳು ಬಂದರೆ ಸೆರ್ಸಿಕ್ ಸೂಚ್ಯಂಕ ಕೂತಿಲ್ಲ, ಇಲ್ಲವೇ ಮಸುಕಿನ ಮಾದರಿ ಸರಿಯಿಲ್ಲ. ತಪ್ಪಿನಿಂದ ಬಂದದ್ದು ಕೂಡು-ಕಳೆ ಜೋಡಿಯಾಗಿ ಬರುತ್ತದೆ. ನಿಜವಾದ ಬಿಂಬ ಬರೀ ಕೂಡು.

ಸುರುಳಿ ತೋಳನ್ನು ಬೇರ್ಪಡಿಸಲು ನನಗೆ ಅತ್ಯಂತ ನಂಬಿಕೆಯ ಉಪಾಯ ಇದು: ಕಮಾನಿನ ಉದ್ದಕ್ಕೂ ಮೂರು ಕಡೆ ಕೇಂದ್ರದಿಂದ ದೂರ ಅಳೆಯಿರಿ. ಮಸೂರದ ಕಮಾನು ಹೆಚ್ಚುಕಡಿಮೆ ಒಂದೇ ದೂರ ಕಾಯ್ದುಕೊಳ್ಳುತ್ತದೆ. ತೋಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತ ದೂರ ಸರಿಯುತ್ತದೆ, ಒಳತುದಿಯಲ್ಲಿ ಗೆಲಾಕ್ಸಿಯ ಮೈಗೆ ಅಂಟಿಕೊಂಡಿರುತ್ತದೆ. ಕಮಾನಿನ ಮೇಲೆ ವೃತ್ತ ಕೂರಿಸಿದಾಗ ಅದರ ಕೇಂದ್ರ ಗೆಲಾಕ್ಸಿಯ ಮೇಲೆ, ಇಲ್ಲವೇ ಗುಂಪಿನ ನಡುವೆ ಬೀಳಬೇಕು. ಬೆನ್ನು ತಿರುಗಿಸಿದ ಕಮಾನು, ಅಂದರೆ ಉಬ್ಬು ಗೆಲಾಕ್ಸಿಯ ಕಡೆಗಿದ್ದರೆ, ಶೂನ್ಯ ಕೊಟ್ಟು ಮುಂದೆ ಹೋಗಿ.

ಪೂರ್ತಿ ಉಂಗುರ ಕಂಡಾಗ ಇನ್ನೂ ಹುಷಾರಾಗಿರಬೇಕು. 1950ರಲ್ಲಿ ಆರ್ಟ್ ಹೋಗ್ ಕಂಡ ಉಂಗುರ ಗೆಲಾಕ್ಸಿಯ ಬಗ್ಗೆಯೂ ಮಸೂರವಿರಬಹುದೇ ಎಂಬ ಮಾತು ಬಂದಿತ್ತು. ನಡುವಿನ ಉಂಡೆಯದೂ ಸುತ್ತಲ ಬಳೆಯದೂ ರೆಡ್‌ಶಿಫ್ಟ್ ಒಂದೇ ಎಂದು ತಿಳಿದ ಮೇಲೆ ಆ ಮಾತು ಬಿದ್ದುಹೋಯಿತು. ಹಾಗಂತ ಸುರುಳಿ ಕಂಡ ತಕ್ಷಣ ತಿರಸ್ಕರಿಸುವ ಚಾಳಿಯೂ ಬೇಡ. 1985ರಲ್ಲಿ ಸಿಕ್ಕ ‘ಐನ್‌ಸ್ಟೈನ್ ಶಿಲುಬೆ’ಯ ಮಸೂರ ಒಂದು ಸುರುಳಿ ಗೆಲಾಕ್ಸಿಯೇ. ಅದರ ರೆಡ್‌ಶಿಫ್ಟ್ ಬರೀ 0.04, ಹಿಂದಿನ ಕ್ವೇಸಾರ್‌ನದು 1.7. ಅದು ಮೊದಲು ಸಿಕ್ಕಿಬಿದ್ದದ್ದು ಚಿತ್ರದಲ್ಲಲ್ಲ, ರೋಹಿತದಲ್ಲಿ, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ನೋಡಿದಾಗ. 2025ರಲ್ಲಿ ಯೂಕ್ಲಿಡ್ ತಂಡ ಪ್ರಕಟಿಸಿದ ಎನ್‌ಜಿಸಿ 6505ರ ಉಂಗುರವೂ ಇಂಥದೇ ಪಾಠ: 59 ಕೋಟಿ ಜ್ಯೋತಿರ್ವರ್ಷದಷ್ಟು ಹತ್ತಿರದ, ಎಲ್ಲರಿಗೂ ಪರಿಚಿತ ಗೆಲಾಕ್ಸಿ. ಉಂಗುರ ಅದರ ಹೊಳೆಯುವ ನಡುಭಾಗದಲ್ಲೇ, 2.5 ಆರ್ಕ್‌ಸೆಕೆಂಡ್ ತ್ರಿಜ್ಯದಲ್ಲಿ ಅಡಗಿತ್ತು.

ಯಂತ್ರಕಲಿಕೆ ಬಂದಮೇಲೆ ಕೆಲಸ ಮುಗಿಯಿತೇ ಎಂದು ಕೇಳುವವರಿಗೆ ಒಂದು ಅಂದಾಜು ಲೆಕ್ಕ. 10 ಲಕ್ಷ ಗೆಲಾಕ್ಸಿಗಳಲ್ಲಿ 500 ಮಸೂರಗಳಿವೆ ಎನ್ನಿ. ನಿಮ್ಮ ನ್ಯೂರಲ್ ನೆಟ್‌ವರ್ಕ್ ನೂರಕ್ಕೆ 90 ಮಸೂರಗಳನ್ನು ಹಿಡಿಯುತ್ತದೆ, ಮಸೂರವಲ್ಲದ್ದರಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ಭರ್ಜರಿ. ಫಲಿತಾಂಶ: 450 ನಿಜ, ಸುಮಾರು 10,000 ಸುಳ್ಳು. ಆ ರಾಶಿಯನ್ನು ಜಾಲಾಡಲು ಕಣ್ಣೇ ಬೇಕು. ತರಬೇತಿಗೆ ಕೃತಕ ಕಮಾನುಗಳನ್ನು ನಿಜವಾದ ಗೆಲಾಕ್ಸಿ ಚಿತ್ರಗಳ ಮೇಲೆ ಕೂರಿಸಿ, ಅದೇ ಜಾಗದ ಮಸುಕನ್ನೂ ನಾಯ್ಸ್ ಅನ್ನೂ ಸೇರಿಸಬೇಕು. ಇಲ್ಲವಾದರೆ ನೆಟ್‌ವರ್ಕ್ ಮಸೂರವನ್ನಲ್ಲ, ಕೃತಕತೆಯನ್ನು ಗುರುತಿಸಲು ಕಲಿಯುತ್ತದೆ. ತಪ್ಪು ಉದಾಹರಣೆಗಳಲ್ಲಿ ಸುರುಳಿ, ಉಂಗುರ, ಡಿಕ್ಕಿಗಳನ್ನು ಧಾರಾಳವಾಗಿ ತುಂಬಿ. ಯೂಕ್ಲಿಡ್ 2025ರ ಮಾರ್ಚ್‌ನಲ್ಲಿ ಬಿಟ್ಟ ಮೊದಲ ದತ್ತಾಂಶದ 63 ಚದರ ಡಿಗ್ರಿಯಲ್ಲಿ ಸುಮಾರು 500 ಅಭ್ಯರ್ಥಿಗಳು ಸಿಕ್ಕಿದ್ದೂ ಯಂತ್ರ, ಸಾರ್ವಜನಿಕ ಸ್ವಯಂಸೇವಕರು, ತಜ್ಞರು ಮೂವರೂ ಸೇರಿ ಸೋಸಿದ್ದರಿಂದ.

ಅಂಕ ಕೊಡುವುದು 0ರಿಂದ 3ರವರೆಗೆ: 3 ಖಚಿತ, 2 ಬಹುಶಃ, 1 ಇರಬಹುದು, 0 ಇಲ್ಲ. ನೆಟ್‌ವರ್ಕ್ ಕೊಟ್ಟ ಅಂಕವನ್ನು ನೋಡುಗರಿಗೆ ತೋರಿಸಬಾರದು, ಚಿತ್ರಗಳ ಸಾಲನ್ನು ಕಲೆಸಿರಬೇಕು. ಮುನ್ನೂರು ಖಾಲಿ ಚಿತ್ರ ನೋಡಿದ ಕಣ್ಣಿಗೆ ಹಸಿವಾಗಿ, ಸಾಧಾರಣ ತೋಳಿಗೂ 2 ಕೊಟ್ಟುಬಿಡುತ್ತದೆ. ಅದಕ್ಕೇ ನಡುನಡುವೆ ಗೊತ್ತಿರುವ ಮಸೂರಗಳನ್ನೂ ಗೊತ್ತಿರುವ ಮೋಸಗಳನ್ನೂ ಸದ್ದಿಲ್ಲದೆ ಸೇರಿಸುವುದು. 2013ರಲ್ಲಿ ಶುರುವಾದ ‘ಸ್ಪೇಸ್ ವಾರ್ಪ್ಸ್’ ಯೋಜನೆ ಸ್ವಯಂಸೇವಕರ ಕಣ್ಣನ್ನು ಅಳೆದದ್ದು ಹೀಗೆಯೇ. ಟಿಪ್ಪಣಿಯಲ್ಲಿ ‘ಚೆನ್ನಾಗಿದೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಬಿಂಬಗಳ ನಡುವಿನ ಅಂತರದ ಅರ್ಧ, ಯಾವ ಫಿಲ್ಟರ್‌ನಲ್ಲಿ ಕಂಡಿತು, ಎದುರು ಬಿಂಬ ಕಂಡಿತೋ ಇಲ್ಲವೋ, ಏನು ಕಂಡರೆ ಇದು ಸುಳ್ಳಾಗುತ್ತದೆ, ಇಷ್ಟು ಬರೆಯಿರಿ.

ಕೊನೆಯ ತೀರ್ಪು ರೋಹಿತದ್ದು. ಮಸೂರ ಗೆಲಾಕ್ಸಿಯಲ್ಲಿ ಕ್ಯಾಲ್ಸಿಯಂನ 393.4 ಮತ್ತು 396.8 ನ್ಯಾನೋಮೀಟರ್ ಹೀರಿಕೆ ಗೆರೆಗಳು, ಹಿಂದಿನದರಲ್ಲಿ ಆಮ್ಲಜನಕದ 372.7ರ ಜೋಡಿ ಗೆರೆ ಹುಡುಕುತ್ತೇವೆ. ರೆಡ್‌ಶಿಫ್ಟ್ 1.6ರಲ್ಲಿ ಆ ಆಮ್ಲಜನಕ ಗೆರೆ 969 ನ್ಯಾನೋಮೀಟರ್‌ಗೆ ಹೋಗಿ, ದೃಗ್ಗೋಚರ ರೋಹಿತದರ್ಶಕದ ಅಂಚಿಗೆ ಬಂದು ನಿಲ್ಲುತ್ತದೆ. ಅದಕ್ಕೂ ಮೇಲೆ, ಹೈಡ್ರೋಜನ್‌ನ 121.6ರ ಗೆರೆ ನೆಲದಿಂದ ಕಾಣುವಷ್ಟು ಸರಿದು ಬರುವ ತನಕ, ಬಲವಾದ ಗೆರೆಯೇ ಸಿಗದ ಒಂದು ಬಯಲಿದೆ. ಆದ್ದರಿಂದ ಗೆರೆ ಸಿಗಲಿಲ್ಲ ಎಂದು ಅಭ್ಯರ್ಥಿಯನ್ನು ಹೊಡೆದುಹಾಕಬೇಡಿ. ಎರಡು ಬೇರೆ ರೆಡ್‌ಶಿಫ್ಟ್ ಸಿಕ್ಕಮಾತ್ರಕ್ಕೆ ಮಸೂರವೆಂದೂ ಆಗದು. ಒಂದರ ಹಿಂದೆ ಒಂದು ಸುಮ್ಮನೆ ನಿಂತಿರಬಹುದು. ದೂರದರ್ಶಕದ ಸಮಯ ಸಿಕ್ಕಾಗ ರೋಹಿತದರ್ಶಕದ ಸೀಳುಕಿಂಡಿಯನ್ನು ಕಮಾನಿನ ಉದ್ದಕ್ಕೆ ಇಡುವ ಆಸೆ ಎಲ್ಲರಿಗೂ ಇರುತ್ತದೆ, ಬೆಳಕು ಹೆಚ್ಚು ಸಿಗುತ್ತದಲ್ಲ. ಅಡ್ಡಲಾಗಿ ಇಡಿ: ಕಮಾನು, ಗೆಲಾಕ್ಸಿಯ ನಡು, ಎದುರು ಬಿಂಬ ಮೂರೂ ಒಂದೇ ಕಿಂಡಿಯೊಳಗೆ ಬರುವಂತೆ. ನಡುವಿನ ಪಟ್ಟಿಯ ಎರಡೂ ಬದಿಗೆ ಒಂದೇ ತರಂಗಾಂತರದಲ್ಲಿ ಎರಡು ಚುಕ್ಕೆ ಕಂಡವೋ, ಆ ಅಭ್ಯರ್ಥಿಗೆ ಪೂರ್ತಿ 3 ಅಂಕ ಬರೆದುಕೊಳ್ಳಬಹುದು.