ಮಗ್ಗಿ ಸಾಲಾಗಿ ಬರುತ್ತೆ, ಮಧ್ಯದಲ್ಲಿ ಕೇಳಿದರೆ ಬರಲ್ಲ. ಏನು ಮಾಡೋದು?

ಕೋಲಾರದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ತಾಯಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಮೇಡಂ, ನಮ್ಮ ಹುಡುಗ ಏಳರ ಮಗ್ಗಿ ಗಡಗಡ ಅಂತ ಒಪ್ಪಿಸ್ತಾನೆ. ಏಳೆಂಟ್ಲ ಎಷ್ಟೋ ಅಂದ್ರೆ ಮಾತ್ರ ಏಳೊಂದ್ಲ ಏಳು ಅಂತ ಮೊದಲಿಂದ ಶುರು ಮಾಡ್ತಾನೆ. ಮನೇಲಿ ಹೇಗೆ ಹೇಳಿಕೊಡೋದು?"

ಮೊದಲಿಗೆ, ಬಾಯಿಪಾಠ ಬಿಡಿಸಬೇಡಿ. ದೀಪ ಹಚ್ಚಿದ ಮೇಲೆ ಕೈಕಾಲು ತೊಳೆದು ಕೂತು ಮಗ್ಗಿ ಹೇಳುವ ರೂಢಿ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಅದು ಒಳ್ಳೆಯದೇ. ಆದರೆ ಆ ಹುಡುಗನಿಗೆ ಮಗ್ಗಿ ಹಾಡಿನ ಹಾಗೆ ಬಂದಿದೆ. ಹಾಡಿನ ನಡುವಿನ ಸಾಲು ಬೇಕೆಂದರೆ ನಾವೂ ಪಲ್ಲವಿಯಿಂದಲೇ ಗುನುಗುತ್ತೇವೆ, ಅಲ್ವಾ? ಅವನು ದಡ್ಡ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಬಿಡಿಬಿಡಿಯಾಗಿ ಅವನನ್ನು ಯಾರೂ ಕೇಳಿಲ್ಲ, ಅಷ್ಟೇ.

ಇನ್ನೊಂದು ವಿಷಯ ಮಗುವಿಗೆ ತೋರಿಸಲೇಬೇಕು. ಮಗ್ಗಿ ಪುಸ್ತಕದಲ್ಲಿ 1ರಿಂದ 10ರವರೆಗೆ 100 ಸಾಲು ಇರುತ್ತವೆ. ನೋಡಿದರೇ ಭಯ. ಮೂರೆಂಟ್ಲ, ಎಂಟ್ಮೂರ್ಲ ಎರಡೂ 24 ಅಂತ ಗೊತ್ತಾದರೆ ಉಳಿಯುವುದು 55. ಅದರಲ್ಲಿ 1, 2, 5, 10ರ ಮಗ್ಗಿ ಮಕ್ಕಳಿಗೆ ಬೇಗ ಬರುತ್ತದೆ. ಒಂಬತ್ತರದ್ದೂ ಸುಲಭ. ಉತ್ತರದ ಎರಡು ಅಂಕಿ ಕೂಡಿಸಿದರೆ 9, ಹತ್ತರ ಸ್ಥಾನದಲ್ಲಿ ಗುಣಿಸುವ ಸಂಖ್ಯೆಗಿಂತ ಒಂದು ಕಡಿಮೆ. ಒಂಬತ್ತೇಳ್ಲ ಅಂದರೆ ಮುಂದೆ 6, ಹಿಂದೆ 3. ಇವನ್ನೆಲ್ಲ ತೆಗೆದರೆ ನಿಜವಾಗಿ ಕಷ್ಟದ್ದು ಉಳಿಯುವುದು 15 ಮಾತ್ರ. ಆ ಹದಿನೈದನ್ನು ಒಂದು ಹಾಳೆಯಲ್ಲಿ ಮಗುವಿನ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿ. ಚೆನ್ನಾಗಿ ಬಂದದ್ದನ್ನು ಅದೇ ಹೊಡೆದು ಹಾಕಲಿ.

ಕಣ್ಣಿಗೆ ಕಾಣಿಸುವುದಕ್ಕೆ ನಮ್ಮ ಕಡೆ ಸಾಮಾನು ಹುಡುಕಬೇಕಾಗಿಲ್ಲ. ಟೊಮೆಟೊ ನಾರು, ಅಂದರೆ ಸಸಿ, ಬರುವ ಕಪ್ಪು ಟ್ರೇ ಒಂದು ತಗೊಳ್ಳಿ. ಸಾಮಾನ್ಯವಾಗಿ ಅದರಲ್ಲಿ 98 ಗುಂಡಿ. ಅಡ್ಡಕ್ಕೆ 7, ಉದ್ದಕ್ಕೆ 14. ನಡುವೆ ಒಂದು ನೋಟ್ ಪುಸ್ತಕ ಮುಚ್ಚಿ, ಏಳೇಳು ಕಾಣುವ ಹಾಗೆ ಇಡಿ. ಗುಂಡಿಗೊಂದು ಹುಣಸೆ ಬೀಜ ಹಾಕಿಸಿದರೆ 49. ಪುಸ್ತಕ ಒಂದು ಸಾಲು ಸರಿಸಿ. ಇನ್ನೊಂದು ಏಳು ಸೇರಿತು, ಏಳೆಂಟ್ಲ ಐವತ್ತಾರು. ಟ್ರೇ ತಿರುಗಿಸಿ ಹಿಡಿದರೆ ಎಂಟೇಳ್ಲ, ಬೀಜ ಅಷ್ಟೇ ಇದೆ. ಒಮ್ಮೆ ಹೀಗೆ ಕಂಡ ಮಗು ಮರೆತರೂ ಮೊದಲಿನಿಂದ ಓಡುವುದಿಲ್ಲ. 49 ನೆನಪಾದರೆ ಏಳು ಕೂಡಿಸುತ್ತದೆ. ಟ್ರೇ ಸಿಗದಿದ್ದರೆ ಮೊಟ್ಟೆ ಟ್ರೇ ಸಾಕು, ಅದು ಐದಾರ್ಲ ಮೂವತ್ತು.

ಆಮೇಲೆ ಬಿಡಿಬಿಡಿಯಾಗಿ ಕೇಳಿ. ಒಂದು ಸಲಕ್ಕೆ ಮೂರು ಸಾಕು. ಕಾಫಿ ಕಾಯಿಸುವಾಗ, ತಲೆ ಬಾಚುವಾಗ, ಬಸ್ಸಿಗೆ ಕಾಯುವಾಗ ಕೇಳಿ. ಉತ್ತರ ಬರದಿದ್ದರೆ ತಕ್ಷಣ ಹೇಳಿಬಿಡಬೇಡಿ. "ಏಳೈದ್ಲ ಗೊತ್ತಲ್ಲ? ಏಳೆಂಟ್ಲಕ್ಕೆ ಇನ್ನು ಮೂರು ಏಳು ಸೇರಿಸು" ಅಂತ ದಾರಿ ತೋರಿಸಿ. ನಡುನಡುವೆ ತಿರುಗಿಸಿಯೂ ಕೇಳಿ: "56 ಯಾವ ಮಗ್ಗಿಯಲ್ಲಿ ಬರುತ್ತೆ?" ಇದನ್ನು ಬಹಳ ಜನ ಕೇಳುವುದೇ ಇಲ್ಲ. ಭಾಗಾಕಾರಕ್ಕೆ ಬಂದಾಗ ಬೇಕಾಗುವುದು ಇದೇ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಅಜ್ಜಿ ತೆಲುಗಲ್ಲಿ ಎಕ್ಕಾಲು (ಮಗ್ಗಿ) ಹೇಳಿಕೊಡುತ್ತಾರೆ, ಅಪ್ಪ ಕನ್ನಡದಲ್ಲಿ, ಕಾನ್ವೆಂಟಲ್ಲಿ ಇಂಗ್ಲಿಷು. ಮಗು ಮೂರರ ನಡುವೆ ಸಿಕ್ಕಿಕೊಳ್ಳುತ್ತದೆ. ಬೀಜ ಎಣಿಸಿ ಅರ್ಥ ಮಾಡಿಸುವುದು ಮನೆಮಾತಲ್ಲೇ ಆಗಲಿ. ಬಾಯಿಪಾಠ ಮಾತ್ರ ಶಾಲೆಯಲ್ಲಿ ಹೇಳುವ ಭಾಷೆಯಲ್ಲಿರಲಿ. ಅಜ್ಜಿಯ ಎಕ್ಕಾಲು ಅದು ಗಟ್ಟಿಯಾದ ಮೇಲೆ ಕಲಿತರೆ ಚೆಂದ.

ಹೊಡೆಯಬೇಡಿ, ನೆಂಟರ ಮುಂದೆ ನಿಲ್ಲಿಸಿ ಒಪ್ಪಿಸು ಅನ್ನಬೇಡಿ. ಹೆದರಿದ ಮಗುವಿಗೆ ಬರುವುದೂ ಮರೆತುಹೋಗುತ್ತದೆ. ಹತ್ತು ನಿಮಿಷ ಸಾಕು, ಬೇಜಾರಾಗುವ ಮೊದಲೇ ನಿಲ್ಲಿಸಿ.

20ರವರೆಗೂ ಬೇಕಾ ಅಂತಲೂ ಕೇಳುತ್ತಾರೆ. ಶಾಲೆಯಲ್ಲಿ ಕೇಳಿದರೆ ಕಲಿಯಲಿ. ನನ್ನನ್ನು ಕೇಳಿದರೆ, ಹತ್ತರವರೆಗೆ ಗಟ್ಟಿಯಾದ ಮೇಲೆ 12 ಮತ್ತು 15 ಮೊದಲು. ಇಲ್ಲಿ ಟೊಮೆಟೊ ಬಾಕ್ಸ್ ಲೆಕ್ಕ 15 ಕೆಜಿ. ಅಪ್ಪ ಮಂಡಿಗೆ ಎಂಟು ಬಾಕ್ಸ್ ಹಾಕಿದರೆ ಎಷ್ಟು ಕೆಜಿ ಅಂತ ಮಗುವೇ ಹೇಳಲಿ. 17, 19ಕ್ಕೆ ಈಗಲೇ ಅಳಿಸುವುದು ಬೇಡ. ಹದಿನೇಳೆಂಟ್ಲ ಬೇಕಾದಾಗ ಹತ್ತೆಂಟ್ಲ ಎಂಬತ್ತು, ಏಳೆಂಟ್ಲ ಐವತ್ತಾರು, ಒಟ್ಟು 136 ಅಂತ ತಾನೇ ತೆಗೆಯುತ್ತದೆ.